ಫ್ಲೋಸಿ ಟೀಚರಿಗೆ ಒಂದು ಫೇರ್‌ವೆಲ್ ಕೇಕು

ಅಲ್ ನಹ್ದಾದ ನಮ್ಮ ಬಾಲ್ಕನಿಯಲ್ಲಿ ನಿಂತರೆ ಶಾರ್ಜಾದ ಕಡೆಗೆ ಖಾಲಿ ಮರಳು ಇನ್ನೂ ಕಾಣುತ್ತಿದ್ದ ಕಾಲ ಅದು. ಶುಕ್ರವಾರವೇ ರಜೆ. ನವೆಂಬರ್ ಬಂತೆಂದರೆ ಅಮ್ಮಂದಿರು ಎಸಿ ಆರಿಸಿ ಕಿಟಕಿ ತೆರೆಯುತ್ತಿದ್ದರು. ಒಂದು ಮನೆಯ ಮೀನಿನ ಪುಳಿಮುಂಚಿ, ಇನ್ನೊಂದು ಮನೆಯ ಬಿರಿಯಾನಿ, ಕೆಳಗಿನ ಕೆಫೆಟೇರಿಯಾದ ಕರಕ್ ಚಹಾ, ಎಲ್ಲದರ ವಾಸನೆ ಸೇರಿ ಮೆಟ್ಟಿಲ ತುಂಬ ಓಡಾಡುತ್ತಿತ್ತು. ಗಲ್ಫಿನಲ್ಲಿ ಬೆಳೆದವರು ಇದನ್ನು ಓದುತ್ತಿದ್ದರೆ ಈಗಲೇ ಮೂಗರಳಿಸಿರುತ್ತೀರಿ, ನನಗೆ ಗೊತ್ತು. ನನಗೆ ಮಾತ್ರ ಆ ಚಳಿಗಾಲದ ಜೊತೆ ಇನ್ನೊಂದು ವಾಸನೆ ಅಂಟಿಕೊಂಡಿದೆ. ಬಿಸಿಲಲ್ಲಿ ಕಾದ ಬಾಸ್ಕೆಟ್‌ಬಾಲಿನದು.

ನಾನಾಗ ಎಂಟನೇ ಕ್ಲಾಸು. ನಮ್ಮದು ಸಣ್ಣ ಶಾಲೆ. ಶಾಲೆಯ ಬಸ್ಸುಗಳೆಲ್ಲ ಹೊರಟುಹೋದ ಮೇಲೆ ಅವು ನಿಲ್ಲುತ್ತಿದ್ದ ಸಿಮೆಂಟಿನ ಅಂಗಳವೇ ನಮ್ಮ ಬಾಸ್ಕೆಟ್‌ಬಾಲ್ ಕೋರ್ಟು. ನೆಲದ ಮೇಲೆ ಡೀಸೆಲ್ಲಿನ ಕಲೆ ಬಿದ್ದ ಕಡೆ ಕಾಲಿಟ್ಟರೆ ಜರ್ರನೆ ಜಾರುವುದು ಗ್ಯಾರಂಟಿ. ಆ ಕಲೆಗಳು ಎಲ್ಲೆಲ್ಲಿವೆ ಎಂದು ನಮಗೆ ಕಣ್ಣು ಮುಚ್ಚಿಕೊಂಡೂ ಗೊತ್ತಿತ್ತು, ಎದುರು ಟೀಮಿನವರಿಗೆ ಗೊತ್ತಿರಲಿಲ್ಲ!

ಆ ಅಂಗಳದ ರಾಣಿ ಫ್ಲೋಸಿ ಟೀಚರ್. ಊರು ಶಿರ್ವ, ಕೆಲಸ ನಮ್ಮ ಶಾಲೆಯ ಪಿ.ಟಿ. ಟೀಚರು. ಕಾಲೇಜಿನಲ್ಲಿದ್ದಾಗ ಯೂನಿವರ್ಸಿಟಿ ಟೀಮಿನಲ್ಲಿ ಆಡಿದವರು. ಗಿಡ್ಡ ಆಳು, ಆದರೆ ಗಂಟಲು ಮಾತ್ರ ಶಾರ್ಜಾಕ್ಕೆ ಕೇಳುವಂಥದ್ದು. ಕೈಗೆ ಬಾಲು ಸಿಕ್ಕಿದರೆ ಬಿಡಲೊಲ್ಲದ ರೋಗ ನನಗಿತ್ತು. ಆಗೆಲ್ಲ ಆ ಗಂಟಲು ನನ್ನ ಮೇಲೆಯೇ ಬೀಳುತ್ತಿತ್ತು.

“ಎಂತ ಮಾರಾಯ್ತಿ, ಅದು ನಿನ್ನ ಅಜ್ಜಿ ಮನೆಯ ತೆಂಗಿನಕಾಯಿಯಾ ತಬ್ಬಿಕೊಂಡು ನಿಲ್ಲಲಿಕ್ಕೆ? ಪಾಸ್ ಕೊಡು, ಯಲ್ಲಾ, ಬೇಗ!”

ನಮ್ಮ ಆಟದ ಪಟ್ಟುಗಳಿಗೆಲ್ಲ ಅವರು ತಿಂಡಿಯ ಹೆಸರಿಟ್ಟಿದ್ದರು. ‘ಗೋಳಿಬಜೆ’ ಎಂದು ಕೂಗಿದರೆ ಐವರೂ ಬುಟ್ಟಿಯ ಕೆಳಗೆ ಗುಂಪಾಗಬೇಕು. ‘ನೀರುದೋಸೆ’ ಎಂದರೆ ತೆಳ್ಳಗೆ ಕೋರ್ಟಿನ ತುಂಬ ಹರಡಿಕೊಂಡು ನಡುವೆ ದಾರಿ ಬಿಡಬೇಕು. ಎದುರು ಟೀಮಿನ ಕೇರಳದ, ಗುಜರಾತಿನ ಹುಡುಗಿಯರು ಈ ಹೆಂಗಸು ಆಟದ ನಡುವೆ ಯಾಕೆ ಹೋಟೆಲಿನ ಮೆನು ಓದುತ್ತಿದೆ ಎಂದು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು.

ಅಮ್ಮ ನನ್ನನ್ನು ಆಡಲು ಬಿಟ್ಟದ್ದೇ ಟೀಚರ ಮುಖ ನೋಡಿ. “ನಮ್ಮ ಊರಿನವರು ಅಂತ ಬಿಟ್ಟದ್ದು. ಬೇರೆ ಯಾರಾದರೂ ಬಂದರೆ ಆ ದಿನವೇ ಬಂದ್” ಎಂದು ಮೊದಲೇ ಹೇಳಿಟ್ಟಿದ್ದಳು. ಮೇಲಿನ ಮಹಡಿಯ ನಫೀಸಾ, ನನ್ನ ಜೀವದ ಗೆಳತಿ, ದೇರಳಕಟ್ಟೆಯ ಬ್ಯಾರಿ ಹುಡುಗಿ, ಅವಳ ಉಮ್ಮನದ್ದೂ ಅದೇ ಕಾನೂನು. ಟೀಚರು ದಿನಾ ಸಂಜೆ ತಮ್ಮ ಹಳೆಯ ಕಾರಿನಲ್ಲಿ ನಮ್ಮಿಬ್ಬರನ್ನು ಕರೆತಂದು ಲಿಫ್ಟಿನ ಬಾಗಿಲವರೆಗೆ ಬಿಟ್ಟು, ನಾವು ಮೇಲೆ ತಲುಪಿ ಬಾಲ್ಕನಿಯಿಂದ ಕೈ ಬೀಸಿದರೆ ಮಾತ್ರ ಹೊರಡುತ್ತಿದ್ದರು.

ನಾವು ಆಡುತ್ತಿದ್ದದ್ದು ಶಾಲೆಗಳ ಲೀಗಿನ ಬಿ ಗ್ರೂಪಿನಲ್ಲಿ. ಮರದ ನೆಲದ, ಎಸಿ ಹಾಕಿದ ಒಳಾಂಗಣ ಇರುವ ದೊಡ್ಡ ಶಾಲೆಗಳೆಲ್ಲ ಎ ಗ್ರೂಪು. ನಮ್ಮಂಥ ಸಿಮೆಂಟಿನವರು ಬಿ. ಎಷ್ಟು ಗೆದ್ದರೂ ಮೇಲಕ್ಕೆ ಹತ್ತಿಸುವ ಏರ್ಪಾಡಿಲ್ಲ, ಚಹಾ ಲೋಟದಷ್ಟು ದೊಡ್ಡ ಒಂದು ಕಪ್ಪು ಕೊಟ್ಟು ಮನೆಗೆ ಕಳಿಸುತ್ತಿದ್ದರು. ಅಂಥ ಲೋಟಗಳನ್ನು ಟೀಚರು ವರ್ಷ ತಪ್ಪದೆ ಗೆದ್ದು ಆಫೀಸಿನ ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ಅಪ್ಪನಿಗೆ ಅದು ಬರೇ ತಮಾಷೆ.

“ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ನಿಮ್ಮ ಟೀಚರು” ಎಂದು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷದ ಸೆಮಿಫೈನಲ್ಲಿಗೆ ಕೋಟು ಹಾಕಿದ ಒಬ್ಬರು ಬಂದು ನೆರಳಿನಲ್ಲಿ ನಿಂತು ಆಟ ನೋಡಿದರು. ಮುಗಿದ ಮೇಲೆ ಟೀಚರನ್ನು ಪಕ್ಕಕ್ಕೆ ಕರೆದು ತುಂಬಾ ಹೊತ್ತು ಮಾತಾಡಿದರು. ಅವರು ಸಿಲಿಕಾನ್ ಓಯಸಿಸ್ ಕಡೆಯ ದೊಡ್ಡ ಶಾಲೆಯೊಂದರವರು ಎಂಬ ಸುದ್ದಿಯನ್ನು ಮರುದಿನವೇ ನಫೀಸಾಳ ಮಾಮ ತಂದರು. ಅವರು ಅದೇ ಶಾಲೆಯ ಬಸ್ಸುಗಳ ಉಸ್ತುವಾರಿಯಲ್ಲಿದ್ದರು. ಎ ಗ್ರೂಪಿನ ಟೀಮಂತೆ, ಟೀಚರಿಗೆ ಕೆಲಸ ಕೊಟ್ಟಾಯಿತಂತೆ, ಫ್ಲ್ಯಾಟೂ ಕೊಡುತ್ತಾರಂತೆ.

ಈ ಊರಿನ ಒಂದು ರೂಢಿ ಹೇಳಬೇಕು. ಇಲ್ಲಿ ಹೊರಟವರನ್ನು ಯಾರೂ ತಡೆಯುವುದಿಲ್ಲ. ಒಳ್ಳೆಯ ಕೆಲಸ ಸಿಕ್ಕಿತು, ವೀಸಾ ಮುಗಿಯಿತು, ಖಲಾಸ್. ಹೋಗುತ್ತೀರಾ, ಯಾಕೆ ಎಂದು ಕೇಳುವುದೂ ಮರ್ಯಾದೆಯಲ್ಲ. ಹಾರ, ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ ತಂದು, ಕೇಕು ಕತ್ತರಿಸಿ, ಫೋಟೋ ಹೊಡೆದು ಕಳಿಸುವುದಷ್ಟೇ. ಅಪ್ಪನ ಕನ್ನಡ ಸಂಘದ ಕಪಾಟಿನಲ್ಲಂತೂ ಪೇಟಗಳು ಯಾವಾಗಲೂ ಸ್ಟಾಕ್ ಇರುತ್ತಿದ್ದವು. ಹಾಗಾಗಿ ನಮ್ಮ ಅಮ್ಮಂದಿರು ಟೀಚರನ್ನು ಒಂದು ಮಾತು ಕೇಳದೆ, ಫೈನಲ್ ಮುಗಿದ ಕೂಡಲೇ ಕೋರ್ಟಿನಲ್ಲಿಯೇ ಬೀಳ್ಕೊಡುಗೆ ಎಂದು ತೀರ್ಮಾನಿಸಿಬಿಟ್ಟರು.

“ಸರ್‌ಪ್ರೈಸು. ಬಾಯಿ ಬಿಟ್ಟರೆ ಜಾಗ್ರತೆ” ಎಂದಳು ಅಮ್ಮ.

“ಮತ್ತೆ ನನ್ನ ಆಟ?”

“ಅದೂ ಖಲಾಸ್. ಓದು ಇನ್ನು.”

ಇದೊಂದು ಫೈನಲ್ ಆದರೆ ಟೀಚರೂ ಇಲ್ಲ, ಬಾಲೂ ಇಲ್ಲ, ಸಂಜೆಯೂ ಇಲ್ಲ.

ಫೈನಲ್ಲಿನ ದಿನ ಬಂತು. ನಮ್ಮದೇ ಅಂಗಳ, ಎದುರಿಗೆ ಶಾರ್ಜಾದ ಶಾಲೆ, ಒಬ್ಬೊಬ್ಬಳೂ ತೆಂಗಿನ ಮರದಷ್ಟು ಉದ್ದ! ಶೂಸಿನ ದಾರ ಕಟ್ಟುತ್ತಾ ನಫೀಸಾ ನನ್ನ ಕಿವಿಯಲ್ಲಿ ಕೇಳಿದಳು: “ಅನು, ನಾವು ಸೋತರೆ ಆ ಶಾಲೆಯವರು ಟೀಚರನ್ನು ಬೇಡ ಅಂತಾರಾ?”

ಆ ಮಾತು ಕಿವಿಗೆ ಬಿದ್ದದ್ದೇ ಕೆಟ್ಟಿತು. ತಲೆಯಿಂದ ನೇರ ಕೈಗಿಳಿಯಿತು. ಹಾಕಿದ ಬಾಲು ಬುಟ್ಟಿಗೆ ಬೀಳದು, ಹಿಡಿದ ಬಾಲು ನಿಲ್ಲದು. ಅರ್ಧ ಆಟ ಮುಗಿಯುವಾಗ ನಾವು ತುಂಬಾ ಹಿಂದೆ. ಟೀಚರು ಎಂದಿನಂತೆ ಉಪ್ಪು ಖಾರ ಹಚ್ಚಿದ ಕಿತ್ತಳೆ ಸೊಳೆಗಳ ಡಬ್ಬಿ ತೆರೆದರು, ಆದರೆ ಯಾರಿಗೂ ಕೊಡಲಿಲ್ಲ.

“ಎಂತ ಆಗಿದೆ ನಿಮಗೆ ಇವತ್ತು? ಕೈಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದೀರಾ?”

ನಫೀಸಾ ಗೊಳೋ ಎಂದು ಅತ್ತುಬಿಟ್ಟಳು. “ಗೆದ್ದರೆ ನೀವು ದೊಡ್ಡ ಶಾಲೆಗೆ ಹೋಗ್ತೀರಿ ಟೀಚರ್.”

ಟೀಚರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಅವರ ಮೂಗಿನ ತುದಿ ಕೆಂಪಾಯಿತು.

“ಓಹೋ. ಸೋತರೆ ನಾನು ಇಲ್ಲೇ ಇರ್ತೇನೆ ಅಂತ ಲೆಕ್ಕವಾ? ಹೆದರಿ ಆಡುವವರ ಜೊತೆ ನಾನು ಯಾಕೆ ಇರಬೇಕು ಮಾರಾಯ್ತಿ? ಹೋಗುವುದು ಬಿಡುವುದು ನನ್ನ ಮಂಡೆಬಿಸಿ, ನಿಮ್ಮದಲ್ಲ. ನೀವು ಆಡಿ. ಮೊದಲು ಗೆದ್ದು ಬನ್ನಿ, ಮತ್ತೆ ಮಾತಾಡುವಾ.” ಆಮೇಲೆ ಡಬ್ಬಿ ನಮ್ಮ ಮುಂದೆ ಹಿಡಿದರು. ಕಿತ್ತಳೆಯ ಹುಳಿ, ಖಾರ, ಕಣ್ಣೀರು, ಎಲ್ಲ ಒಟ್ಟಿಗೆ ನುಂಗಿದೆವು.

ಹೋಗುವುದಿಲ್ಲ ಎಂದು ಅವರು ಹೇಳಲಿಲ್ಲ, ನೋಡಿ. ಆದರೂ ಆ ಬೈಗುಳ ತಿಂದ ಮೇಲೆ ನಮ್ಮ ಕಾಲಿಗೆ ಯಾವ ಭೂತ ಹೊಕ್ಕಿತೋ ಏನೋ! ಯಬ್ಬಾ, ಎಂಥ ಓಟ! ನಫೀಸಾ ಆ ಉದ್ದದ ಹುಡುಗಿಯರ ಕಂಕುಳ ಕೆಳಗೆ ನುಸುಳಿ ನುಸುಳಿ ಬಾಲು ಕದ್ದಳು. ಒಬ್ಬಳು ಡೀಸೆಲ್ ಕಲೆಯ ಮೇಲೆ ಜಾರಿ ಕೂತಳು. ಅಂತರ ಕರಗುತ್ತಾ ಬಂತು. ಅಮ್ಮಂದಿರು ಹಣ್ಣಿನ ಬುಟ್ಟಿ ಕೆಳಗಿಟ್ಟು ಎದ್ದು ನಿಂತರು. ಲೈಟುಗಳು ಹತ್ತಿಕೊಂಡವು. ಕೊನೆಯ ನಿಮಿಷ, ನಾವು ಒಂದೇ ಪಾಯಿಂಟು ಹಿಂದೆ, ಬಾಲು ನಮ್ಮದು.

“ನೀರುದೋಸೇ!” ಎಂದು ಟೀಚರು ಕೂಗಿದರು.

ಹರಡಿದೆವು. ಬಾಲು ನನಗೆ ಬಂತು. ಬುಟ್ಟಿ ಎದುರಿಗೇ ಇತ್ತು. ಇಬ್ಬರು ಉದ್ದದವರು ನನ್ನ ಮೇಲೆ ಹಾರಿ ಬಂದರು. ಎದೆಗೆ ಒತ್ತಿ ಹಿಡಿಯಲು ಕೈ ಹೊರಟೇ ಬಿಟ್ಟಿತ್ತು. ಅಷ್ಟರಲ್ಲಿ ಅಜ್ಜಿ ಮನೆಯ ತೆಂಗಿನಕಾಯಿ ನೆನಪಾಯಿತು! ತಿರುಗಿಯೂ ನೋಡದೆ ಬಲಕ್ಕೆ ತಳ್ಳಿದೆ. ನಫೀಸಾ ಅಲ್ಲಿರಲೇಬೇಕಿತ್ತು, ಇದ್ದಳು. ಹಾರಿದಳು, ಹಾಕಿದಳು, ಬಾಲು ರಿಂಗಿನ ಮೇಲೆ ಒಂದು ಸುತ್ತು ಸುತ್ತಿ ನಮ್ಮೆಲ್ಲರ ಜೀವ ತಿಂದು ಒಳಗೆ ಬಿತ್ತು. ವಿಸಿಲ್ಲು! ಯಾರು ಯಾರನ್ನು ಎತ್ತಿದರೋ, ಯಾರ ಮೇಲೆ ಯಾರು ಬಿದ್ದರೋ! ನನ್ನ ಬಿಗುಮಾನದ ಅಮ್ಮ ಪಲ್ಲು ಸಿಕ್ಕಿಸಿ ಕುಣಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದೇ ಗದ್ದಲದಲ್ಲಿ ಅಪ್ಪ ಟೀಚರ ತಲೆಗೆ ಪೇಟ ಇಟ್ಟಾಯಿತು, ನಫೀಸಾಳ ಉಮ್ಮ ಶಾಲು ಹೊದೆಸಿಯಾಯಿತು. ಅಮ್ಮ ಕೇಕಿನ ಡಬ್ಬಿ ತೆರೆದಳು. ಬಿಳಿ ಕ್ರೀಮಿನ ಮೇಲೆ ಕೆಂಪಿನಲ್ಲಿ ‘ಫೇರ್‌ವೆಲ್ ಟೀಚರ್’.

ಟೀಚರು ಓದಿದರು. ಪೇಟ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

“ಯಾವ ಟೀಚರಿಗೆ?”

“ನಿಮಗೇ ಟೀಚರ್. ಸಿಲಿಕಾನ್ ಓಯಸಿಸಿಗೆ...” ಎಂದಳು ಅಮ್ಮ.

“ನಾನೆಲ್ಲಿ ಹೋಗ್ತೇನೆ ಅಂತ ಹೇಳಿದ್ದು? ಅವರಿಗೆ ಆವತ್ತೇ ಬೇಡ ಅಂತ ಹೇಳಿ ಆಯ್ತಲ್ಲ!”

ಮೊದಲು ಬಾಯಿಬಿಟ್ಟದ್ದು ಅಪ್ಪ. “ಅಷ್ಟು ಒಳ್ಳೆಯ ಆಫರು ಬಿಟ್ಟಿರಾ? ಎ ಗ್ರೂಪು ಟೀಚರ್!”

“ಅಲ್ಲಿನ ಮಕ್ಕಳಿಗೆ ನಾನಲ್ಲದಿದ್ದರೆ ಇನ್ನೊಬ್ಬರು ಸಿಗ್ತಾರೆ. ಇಲ್ಲಿ ನಾನು ಹೋದರೆ ನಾಳೆಯಿಂದಲೇ ನೀವು ಈ ಹುಡುಗಿಯರನ್ನು ಮನೆಯಲ್ಲಿ ಕೂರಿಸ್ತೀರಿ. ಹೌದಾ ಅಲ್ಲವಾ, ಹೇಳಿ?” ಅಮ್ಮನೂ ನಫೀಸಾಳ ಉಮ್ಮನೂ ನೆಲ ನೋಡಿದರು. ಟೀಚರು ಅಪ್ಪನ ಕಡೆ ತಿರುಗಿದರು. “ಹಾಳೂರಿಗೆ ಉಳಿದವನೇ ಗೌಡ ಅಂತ ನೀವು ಹೇಳುವುದು ನನಗೂ ಗೊತ್ತುಂಟು. ಇರಲಿ. ಆದರೆ ಉಳಿಯಲಿಕ್ಕೆ ಒಬ್ಬರು ಬೇಕಲ್ಲ?”

ಅಪ್ಪ ಪೆಚ್ಚಾಗಿ ನಕ್ಕ. ನಾನು ಟೀಚರ ಸೊಂಟಕ್ಕೆ ಜೋತುಬಿದ್ದೆ, ನಫೀಸಾ ಇನ್ನೊಂದು ಕಡೆಯಿಂದ. ಟೀಚರು ಚಾಕು ತೆಗೆದುಕೊಂಡು ‘ಫೇರ್‌ವೆಲ್’ ಎಂದು ಬರೆದಿದ್ದ ಭಾಗವನ್ನಷ್ಟೇ ಕೊಯ್ದು, “ಇದು ನನಗೆ, ಉಳಿದದ್ದು ನಿಮಗೆ” ಎಂದು ಅಷ್ಟನ್ನೂ ತಾವೇ ತಿಂದು ಮುಗಿಸಿದರು. ಆ ಸಂಜೆ ನಮ್ಮನ್ನು ಮನೆಗೆ ಬಿಟ್ಟದ್ದು ಪೇಟ ಇಟ್ಟುಕೊಂಡೇ. ಸಿಗ್ನಲ್ಲಿನಲ್ಲಿ ಪಕ್ಕದ ಟ್ಯಾಕ್ಸಿಯವನು ಸಲಾಂ ಹೊಡೆದ!

ಅವರು ಮತ್ತೂ ಎಷ್ಟೋ ಲೋಟಗಳನ್ನು ಗೆದ್ದರು. ಹೋದವರು ನಾವು. ನಫೀಸಾಳ ಮನೆಯವರು ಊರಿಗೆ ಮರಳಿದರು, ನಾನು ಕಾಲೇಜಿಗೆಂದು ಮಣಿಪಾಲಕ್ಕೆ ಹೋದೆ. ಪ್ರತಿಯೊಬ್ಬಳಿಗೂ ಟೀಚರೇ ಶಾಲು ಹೊದೆಸಿ ಕಳಿಸಿದರು. ಈಗ ನಾನು ಮರಳಿ ಗಲ್ಫಿಗೆ ಬಂದು ರುವೈಸಿನಲ್ಲಿ ಎಂಜಿನಿಯರು. ಕಂಪನಿಯ ಕಾಲೊನಿಯಲ್ಲಿ ಮರದ ನೆಲದ, ಎಸಿಯ ಕೋರ್ಟು ಇದೆ. ನೆಲದಲ್ಲಿ ಎಲ್ಲಿಯೂ ಜಾರುವುದಿಲ್ಲ. ಬಾಲು ಬಿಸಿಯಾಗುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಅಲ್ ನಹ್ದಾದ ಬಾಲ್ಕನಿಯಿಂದ ಕಾಣುತ್ತಿದ್ದ ಮರಳಿನಲ್ಲಿ ಬಿಲ್ಡಿಂಗುಗಳೆದ್ದಿವೆ.

ಹೋದ ವರ್ಷ ಟೀಚರ ಕೆಲಸ ಮುಗಿಯಿತು. ವೀಸಾ ರದ್ದಾದದ್ದು ಆಗಸ್ಟಿನಲ್ಲಿ. ಶಾಲೆಗೆ ಬೇಸಿಗೆ ರಜೆ, ಎಲ್ಲರೂ ಊರಿನಲ್ಲಿ. ಒಬ್ಬರೇ ಟ್ಯಾಕ್ಸಿ ಹಿಡಿದು ಏರ್‌ಪೋರ್ಟಿಗೆ ಹೋದರಂತೆ. ಸುದ್ದಿ ತಿಳಿದು ನಾನು ಫೋನು ಮಾಡುವಾಗ ಅವರು ಆಗಲೇ ಶಿರ್ವದಲ್ಲಿದ್ದರು.

“ಟೀಚರ್, ಒಂದು ಮಾತು ಹೇಳಬಾರದಿತ್ತಾ? ನಿಮಗೆ ಒಂದು ಫೇರ್‌ವೆಲ್ ಆದರೂ...” ಎನ್ನುವಷ್ಟರಲ್ಲಿ ನನಗೆ ಅಳು ಬಂತು.

“ಒಮ್ಮೆ ಕೊಟ್ಟಿದ್ದೀರಲ್ಲ ಮಾರಾಯ್ತಿ, ಎಷ್ಟು ಸಲ ಕೊಡುವುದು? ಆ ಪೇಟ ಈಗಲೂ ಉಂಟು, ಬ್ಯಾಗಿನಲ್ಲಿ ಮುದ್ದೆಯಾಗುತ್ತದೆ ಅಂತ ಕೈಯಲ್ಲೇ ಹಿಡಿದುಕೊಂಡು ಬಂದೆ” ಎಂದರು. ಆಮೇಲೆ ಅದೇ ಹಳೆಯ ಗಂಟಲಿನಲ್ಲಿ ಕೇಳಿದರು: “ನೀನು ಈಗಲಾದರೂ ಪಾಸ್ ಕೊಡ್ತೀಯಾ?”

ಕೊಡುತ್ತೇನೆ ಟೀಚರ್ ಎಂದೆ. ಆ ಸಂಜೆ ಕಂಪನಿಯ ಕೋರ್ಟಿಗೆ ಹೋಗಿ ಬಾಲು ಎತ್ತಿಕೊಂಡೆ. ಎದೆಗೆ ಒತ್ತಿ ಹಿಡಿದುಕೊಂಡು ತುಂಬಾ ಹೊತ್ತು ನಿಂತೆ. ಯಾರೂ ಬೈಯಲಿಲ್ಲ.