ಒಂಬತ್ತು ಒತ್ತಿ ನಿಂತ ಕೈ

ಚಿನ್ನು, ಅಪ್ಪು, ನನ್ನ ಕೈಯ ಬಗ್ಗೆ ನಮ್ಮ ಮನೆಯಲ್ಲಿ ಒಂದು ತಮಾಷೆ ಇದೆ. ಅಜ್ಜಿ ಮುಟ್ಟಿದರೆ ಯಂತ್ರವೂ ದಾರಿ ತಪ್ಪುತ್ತದೆ ಎಂದು ನಿಮ್ಮ ಅಪ್ಪ ಹೇಳುತ್ತಾನೆ, ನೀವು ನಗುತ್ತೀರಿ, ನಾನೂ ನಗುತ್ತೇನೆ. ಅದು ಎಲ್ಲಿಂದ ಬಂದ ಮಾತು ಎಂದು ಎದುರು ಕುಳಿತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಇನ್ನಂಜೆಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಇಷ್ಟಕ್ಕೆ ಸಾಕು.

ನಿಮ್ಮ ಅಜ್ಜ ಮಣಿಪಾಲದ ಒಂದು ಕಂಪ್ಯೂಟರ್ ತರಬೇತಿ ಸಂಸ್ಥೆಯ ಜೀಪು ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಲ್ಲಿಯೇ ನನಗೆ ಗುಡಿಸಿ ಒರೆಸುವ ಕೆಲಸ ಕೊಟ್ಟರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಗ ಸಂಸ್ಥೆಯವರು ಉಡುಪಿ, ಕಾರ್ಕಳ, ಕಾಪು ಶಾಖೆಗಳಲ್ಲಿ ಒಂದೊಂದು ಕೋಣೆಗೆ ಕ್ಯಾಮರಾ ಮತ್ತು ದೊಡ್ಡ ಪರದೆ ಹಾಕಿಸಿದರು. ಮಣಿಪಾಲದಲ್ಲಿ ಮೇಷ್ಟ್ರು ಪಾಠ ಮಾಡಿದರೆ ಅಲ್ಲಿಯ ಮಕ್ಕಳು ಪರದೆಯಲ್ಲಿ ನೋಡಿ ಕಲಿಯಬೇಕು. ಪಾಠಕ್ಕೆ ಮೊದಲು ಯಾರಾದರೂ ಕುಳಿತು ಆ ಕೋಣೆಗಳಿಗೆ ಕರೆ ಜೋಡಿಸಬೇಕಿತ್ತು. ಆಫೀಸಿನ ಹುಡುಗರಿಗೆ ಅದು ಬೇಸರದ ಕೆಲಸ. ಒಂದು ದಿನ ಆ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರು ನನ್ನನ್ನೇ ಕರೆದರು.

"ಅಮ್ಮ, ನಿಮಗೆ ಅಂಕಿ ಓದ್ಲಿಕ್ಕೆ ಬರ್ತದಲ್ವಾ? ಕೂತ್ಕೊಳ್ಳಿ."

ಹಾಗೆ ನನಗೊಂದು ಕುರ್ಚಿ ಸಿಕ್ಕಿತು. ಬೆನ್ನಿಗೆ ಆಧಾರವಿದ್ದ, ಚಕ್ರದ ಕುರ್ಚಿ. ಮೊದಲ ವಾರ ನಾನು ಅದರ ತುದಿಯಲ್ಲಷ್ಟೇ ಕುಳಿತೆ. ಬಟ್ಟೆ, ಬಾಲ್ದಿ ಹಿಡಿದು ಎಲ್ಲರ ಕಾಲಿನ ಮಟ್ಟದಲ್ಲಿ ತಿರುಗುತ್ತಿದ್ದವಳು ಈಗ ಜನರ ಮುಖದ ಮಟ್ಟಕ್ಕೆ ಬಂದಿದ್ದೆ. ನನಗೆ ಆ ಕುರ್ಚಿ ಉಳಿಯಬೇಕಿತ್ತು. ಅದಕ್ಕಿಂತ ದೊಡ್ಡ ಆಸೆ ಆಗ ನನಗೆ ಇರಲಿಲ್ಲ.

ಯಾವ ಕೋಣೆಗೆ ಯಾವ ಸಂಖ್ಯೆ ಎಂದು ಎಂಜಿನಿಯರು ಒಂದು ಪಟ್ಟಿ ಮಾಡಿದ್ದರು. ಮೊದಲು ಒಂದೊಂದೇ ಅಂಕಿ ಇತ್ತು. ಕೋಣೆಗಳು ಹೆಚ್ಚಾದಾಗ ಎರಡೆರಡು ಅಂಕಿ ಕೊಟ್ಟರು. ಕಾರ್ಕಳದ ಮ್ಯಾನೇಜರು ಮಾತ್ರ ತಮ್ಮ ಒಂಬತ್ತನ್ನು ಬಿಡಲಿಲ್ಲ. ಅವರ ಕಾರಿನ ಸಂಖ್ಯೆ ಕೂಡಿಸಿದರೆ ಒಂಬತ್ತು, ಮದುವೆಯಾದ ತಾರೀಕು ಒಂಬತ್ತು. "ಒಂಬತ್ತಕ್ಕೆ ಕೈ ಹಾಕ್ಬೇಡಿ ಮಾರಾಯ್ರೆ, ಬೇರೆ ಎಂತ ಬೇಕಾದ್ರೂ ಮಾಡಿ" ಎಂದರಂತೆ. ಕಾಪು ಶಾಖೆ ಕಾರ್ಕಳದವರ ಕೈಕೆಳಗಿತ್ತು. ಹಾಗಾಗಿ ಅದಕ್ಕೆ ತೊಂಬತ್ತೊಂದು ಕೊಟ್ಟರು. ಅಂದರೆ ಕಾರ್ಕಳಕ್ಕೆ ಒಂಬತ್ತು ಒತ್ತಿದರೆ ಆಯಿತು, ಕಾಪುವಿಗೆ ಒಂಬತ್ತು ಒತ್ತಿ ಮತ್ತೆ ಒಂದು ಒತ್ತಬೇಕು.

ನಾನು ಪಟ್ಟಿಯ ಮೇಲೆ ಬೆರಳಿಟ್ಟು ಒಂಬತ್ತು ನೋಡುತ್ತಿದ್ದೆ, ಒತ್ತುತ್ತಿದ್ದೆ. ಮತ್ತೆ ಪಟ್ಟಿ ನೋಡಿ ಒಂದನ್ನು ಒತ್ತುತ್ತಿದ್ದೆ. ತಪ್ಪಬಾರದೆಂದು ಅಷ್ಟು ಜಾಗ್ರತೆ. ಆದರೂ ಕಾಪುವಿಗೆ ಮಾಡಿದ ಕರೆ ಕಾರ್ಕಳಕ್ಕೆ ಹೋಗುತ್ತಿತ್ತು. ಎಂಜಿನಿಯರು ಬಂದು ಟಪಟಪ ಒತ್ತಿದರೆ ಸರಿಯಾಗಿ ಕಾಪುವಿಗೆ. ಅವರ ಕೈಯಲ್ಲಿ ಒಮ್ಮೆಯೂ ತಪ್ಪಲಿಲ್ಲ.

"ಅಕ್ಕ, ನೀವು ಕಟಪಾಡಿಯಲ್ಲಿ ಕಾಪು ಬಸ್ಸು ಹತ್ತಿದ್ರೂ ಅದು ಕಾರ್ಕಳಕ್ಕೇ ಹೋಗ್ತದಾ ಎಂತ?" ಎಂದು ಆಫೀಸಿನ ಹುಡುಗ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವ ಅಭ್ಯಾಸ ಆಗಿನದ್ದೇ.

ಆಮೇಲೆ ಕಾರ್ಕಳದ ಕೋಣೆಗೆ ಹೊಸ ಪರದೆ ಬಂತು. ಅದಕ್ಕೆ ಪೂಜೆ ಇಟ್ಟುಕೊಂಡಿದ್ದರು. ಭಟ್ಟರು ಮುಹೂರ್ತ ನೋಡಿ ಕೊಟ್ಟಿದ್ದರು. ಮ್ಯಾನೇಜರು ದೀಪ ಹಚ್ಚಲು ಬಗ್ಗಿದ್ದರು. ಅದೇ ಹೊತ್ತಿಗೆ ನಾನು ಕಾಪುವಿನ ಮಕ್ಕಳ ಪಾಠಕ್ಕೆಂದು ಕರೆ ಮಾಡಿದೆ. ಬಂದ ಕರೆಯನ್ನು ಯಂತ್ರ ತಾನೇ ಎತ್ತಿಕೊಳ್ಳುತ್ತಿತ್ತು. ಹೂವಿನ ಹಾರ ಹಾಕಿದ ಆ ಪರದೆಯಲ್ಲಿ ಮೊದಲು ಮೂಡಿದ್ದು ನನ್ನ ಬೋಳು ಹಣೆ, ಮತ್ತು ಪಟ್ಟಿಗೆ ಬಗ್ಗಿದ ನನ್ನ ಮುಖ.

ಮ್ಯಾನೇಜರು ತಲೆ ಎತ್ತಿ ನೋಡಿದರು. ನನ್ನ ಕಡೆಯ ಪರದೆಯಲ್ಲಿ ಅವರೂ ನನಗೆ ಕಾಣುತ್ತಿದ್ದರು.

"ದೀಪ ಹಚ್ಚುವ ಹೊತ್ತಿಗೆ ಈ ಮುಂಡೆಯ ಮುಖವಾ! ತೆಗೀರಿ ಅದನ್ನು!"

ತೆಗೆಯುವುದು ಹೇಗೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಪರದೆಯ ಮೇಲೆ ಟವೆಲ್ ಮುಚ್ಚಿದ. ನಾನು ಕರೆ ಕಡಿಯುವ ಗುಂಡಿಗೆ ತಡಕಾಡುತ್ತಿದ್ದೆ, ಸಿಗಲಿಲ್ಲ. ಟವೆಲಿನ ಆ ಕಡೆಯಿಂದ ಮಾತು ಕೇಳುತ್ತಲೇ ಇತ್ತು. "ಗಂಡನನ್ನು ತಿಂದಾಯ್ತು, ಈಗ ನಮ್ಮ ಮೆಷಿನಿಗೆ ಬಂದಿದ್ದಾಳೆ."

ಅಂದಿನಿಂದ ನನ್ನ ಕೈ ಎಲ್ಲರ ಬಾಯಿಗೆ ಬಂತು. ಎಂಜಿನಿಯರು ಒತ್ತಿದರೆ ಹೋಗುತ್ತದೆ, ಇವಳು ಒತ್ತಿದರೆ ಹೋಗುವುದಿಲ್ಲ, ಇನ್ನೇನು ಸಾಕ್ಷಿ ಬೇಕು? ನಾನೂ ನಂಬಿದೆ. ಮನೆಯಲ್ಲಿ ಕೂಸಾಗಿದ್ದ ನಿನ್ನನ್ನು, ಚಿನ್ನು, ಎರಡು ದಿನ ಎತ್ತಿಕೊಳ್ಳಲಿಲ್ಲ.

ಮೂರನೆಯ ದಿನ ಊಟದ ಹೊತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ. ಒಂಬತ್ತು ಒತ್ತಿದೆ. ಕನ್ನಡಕ ಜಾರಿತು. ಅದನ್ನು ಮೇಲೆ ಮಾಡಿಕೊಳ್ಳುವಷ್ಟರಲ್ಲಿ, ಒಂದನ್ನು ಒತ್ತುವ ಮೊದಲೇ, ಕಾರ್ಕಳದ ಖಾಲಿ ಕುರ್ಚಿಗಳು ಪರದೆಗೆ ಬಂದವು. ಕಡಿದು ಮತ್ತೆ ಮಾಡಿದೆ. ಈ ಸಲ ಪಟ್ಟಿ ನೋಡದೆ ಎರಡನ್ನೂ ಒಟ್ಟೊಟ್ಟಿಗೆ ಒತ್ತಿದೆ. ಕಾಪು ಬಂತು. ನಿಧಾನ ಮಾಡಿದರೆ ಕಾರ್ಕಳ, ಬೇಗ ಮಾಡಿದರೆ ಕಾಪು. ಹತ್ತು ಸಲ ಮಾಡಿ ನೋಡಿದೆ. ಒಂಬತ್ತು ಒತ್ತಿ ನಾನು ಪಟ್ಟಿ ನೋಡುವಷ್ಟರಲ್ಲಿ, ಸಂಖ್ಯೆ ಅಷ್ಟೇ ಎಂದುಕೊಂಡು ಯಂತ್ರ ಕಾಯುವುದನ್ನು ಬಿಟ್ಟು ಕಾರ್ಕಳಕ್ಕೆ ಜೋಡಿಸುತ್ತಿತ್ತು.

ಎಂಜಿನಿಯರನ್ನು ಕರೆದು ತೋರಿಸಿದೆ. ಅವರು ತಾವೂ ನಿಧಾನವಾಗಿ ಒತ್ತಿ ನೋಡಿದರು. ಕಾರ್ಕಳ ಬಂತು. ಎದ್ದು ಹೋಗಿ ಬಾಗಿಲು ಹಾಕಿದರು.

"ಅಮ್ಮ, ಇದು ನಾನು ಮಾಡಿದ ಪಟ್ಟಿಯದ್ದೇ ತಪ್ಪು. ಸರಿ ಮಾಡ್ಬೇಕಾದ್ರೆ ಅವರ ಒಂಬತ್ತನ್ನು ತೆಗೀಬೇಕು."

"ತೆಗೀರಿ ಸರ್."

"ಒಂಬತ್ತನ್ನು ತೆಗೆಯೋದಕ್ಕಿಂತ ನಿಮ್ಮನ್ನು ತೆಗೆಯೋದು ಸುಲಭ ಅಲ್ವಾ?"

ತಮಾಷೆಗೆ ಹೇಳಿದರೆಂದುಕೊಂಡೆ. ಸೋಮವಾರ ಬಂದಾಗ ಆ ಕುರ್ಚಿಯಲ್ಲಿ ಹೊಸ ಹುಡುಗಿ ಕುಳಿತಿದ್ದಳು. ಕುಕ್ಕುಂದೂರಿನವಳು. ಆಗಷ್ಟೇ ಮದುವೆಯಾಗಿತ್ತು, ಕೈತುಂಬ ಬಳೆ, ತಲೆಯಲ್ಲಿ ಮಲ್ಲಿಗೆ. ಬಟ್ಟೆ, ಬಾಲ್ದಿ ನನಗೆ ವಾಪಸು ಬಂದವು.

ಹುಡುಗಿ ಒಳ್ಳೆಯವಳು. ನನ್ನನ್ನು ಅಕ್ಕ ಎಂದು ಕರೆದಳು, ಬುತ್ತಿಯಲ್ಲಿದ್ದ ನೀರುದೋಸೆ ಕೊಟ್ಟಳು. "ಅಕ್ಕ, ಇದನ್ನು ಹೇಗೆ ಮಾಡೋದು? ನೀವು ಕೂತವರಲ್ವಾ, ಹೇಳಿಕೊಡಿ" ಎಂದಳು. ಬೇಗ ಒತ್ತು ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು.

ನಾನು ಹೇಳಿದ್ದು ಇದು: "ಅವಸರ ಮಾಡ್ಬೇಡ ಮಗಾ. ಒಂದು ಅಂಕಿ ಒತ್ತು, ಪಟ್ಟಿ ನೋಡು, ಮತ್ತೆ ಇನ್ನೊಂದು ಒತ್ತು."

ಹಿರಿಯಳ ಮಾತು ಎಂದು ಅವಳು ಹಾಗೆಯೇ ಮಾಡಿದಳು. ಆ ದಿನ ಕಾರ್ಕಳದಲ್ಲಿ ದೊಡ್ಡವರ ಮೀಟಿಂಗು ಇದೆ ಎಂದು ನನಗೆ ಗೊತ್ತಿತ್ತು. ಅವಳ ಮುಖ ಮೀಟಿಂಗಿನ ನಡುವೆ ಹೋಗಿ ನಿಂತಿತು. ನಾನು ನೆಲ ಒರೆಸುತ್ತಾ ಹಿಂದೆಯೇ ಇದ್ದೆ. ಬೈಗುಳಕ್ಕಾಗಿ ಕಿವಿ ಕೊಟ್ಟಿದ್ದೆ. ಸತ್ಯ ಹೊರಗೆ ಬರಲಿ ಎಂದಲ್ಲ, ಮಕ್ಕಳೇ. ಆ ಬಳೆಯ ಕೈಯನ್ನೂ ಕೆಟ್ಟ ಕೈ ಎನ್ನಲಿ, ಅವಳೂ ಒಮ್ಮೆ ಗುಂಡಿ ಸಿಗದೆ ತಡಕಾಡಲಿ ಎಂದು ಕಾದಿದ್ದೆ.

ಅದೇ ಮ್ಯಾನೇಜರು, ಅದೇ ದನಿ. "ಛೆ, ಪಾಪ, ಆ ಹುಡುಗಿ ಎಂತ ಮಾಡ್ತಾಳೆ? ಮೆಷಿನ್ ಸರಿ ಇಲ್ಲ ಮಾರಾಯ್ರೆ. ಎಂಜಿನಿಯರಿಗೆ ಹೇಳಿ."

ನಾಲ್ಕೇ ದಿನದಲ್ಲಿ ಕಾರ್ಕಳದ ಸಂಖ್ಯೆ ತೊಂಬತ್ತಾಯಿತು. ಸೊನ್ನೆ ಸೇರಿಸಿದರೂ ಕೂಡಿಸಿದರೆ ಒಂಬತ್ತೇ ಎಂದು ಎಂಜಿನಿಯರು ಅವರನ್ನು ಒಪ್ಪಿಸಿದರು. ಅಷ್ಟು ಸುಲಭವಿತ್ತು. ಆಮೇಲೆ ಎಷ್ಟು ನಿಧಾನವಾಗಿ ಒತ್ತಿದರೂ ತಪ್ಪುತ್ತಿರಲಿಲ್ಲ. ಧೈರ್ಯ ಮಾಡಿ ಎಂಜಿನಿಯರ ಹತ್ತಿರ ಕುರ್ಚಿಯ ಮಾತೆತ್ತಿದೆ. "ಈಗ ಎಲ್ಲ ಸರಿ ಉಂಟಲ್ಲ ಅಮ್ಮ, ಮತ್ತೆ ಸುಮ್ಮನೆ ಯಾಕೆ?" ಎಂದರು. ಹನ್ನೊಂದು ವರ್ಷ ಆ ಕುರ್ಚಿಯ ಚಕ್ರಗಳಿಗೆ ಸುತ್ತಿದ ಕೂದಲು ತೆಗೆದದ್ದು ನಾನೇ.

ಹುಡುಗಿಗೆ ನಾನು ಕೊನೆಗೂ ಹೇಳಲಿಲ್ಲ. ಕೆಲಸ ಬಿಡುವ ದಿನ ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಮಾಡಿಸಿಕೊಂಡೆ.

ಚಿನ್ನು, ಮುಂದಿನ ತಿಂಗಳು ನಿನ್ನ ಮದುವೆ. ನಿನಗೆ ಅರಶಿನ ಹಚ್ಚುವಾಗ ಕಣ್ಣಿಗೆ ಬೀಳಬಾರದೆಂದು ನನ್ನನ್ನು ಒಳಗಿನ ಕೋಣೆಯಲ್ಲಿ ಕೂರಿಸುತ್ತಾರೆ ಎಂದು ಗೊತ್ತು. ಕೂರುತ್ತೇನೆ. ನನ್ನ ಕೈ ನಿಧಾನದ ಕೈ, ಅಷ್ಟೇ. ಒಮ್ಮೆ ಬೇಕೆಂದೇ ಕೆಟ್ಟದ್ದು ಮಾಡಿತು, ಅದನ್ನೂ ಬರೆದಿದ್ದೇನೆ. ಇದರ ಜೊತೆ ಆ ಹಳೆಯ ಸಂಖ್ಯೆಗಳ ಪಟ್ಟಿ ಇದೆ. ಒಂಬತ್ತು ಮತ್ತು ತೊಂಬತ್ತೊಂದು ಒಂದರ ಕೆಳಗೊಂದು ಇವೆ, ನೀವೇ ನೋಡಿ. ಈ ಕಾಗದವನ್ನೂ ಪಟ್ಟಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಬ್ಬಿಣದ ಕಪಾಟಿನ ಮೇಲಿನ ಖಾನೆಯಲ್ಲಿಡಿ, ಮಳೆಗಾಲದಲ್ಲಿ ಕೆಳಗಿನದ್ದಕ್ಕೆ ಬೂಸ್ಟು ಹಿಡಿಯುತ್ತದೆ. ಯಾರಾದರೂ ಮತ್ತೆ ಆ ತಮಾಷೆ ಮಾಡಿದರೆ ಓದಿ ಹೇಳಲು ಬೇಕಾಗುತ್ತದೆ. ಬಿಸಾಡಬೇಡಿ.