ಹದ ಅಂದರೆ ಎಷ್ಟು ಮಿಲಿಮೀಟರ್

ನಾನು ಓದಿದ್ದು ಏಳನೇ ತರಗತಿ. ನನ್ನ ತಮ್ಮ ಬೆಳೆ ರೋಗಗಳ ಸಂಶೋಧಕ, ಕಡೂರಿನಲ್ಲಿ ಮನೆ ಮಾಡಿಕೊಂಡಿದ್ದಾನೆ. ಅವನೂ ಬೇರೆ ಊರಿನ ಮೇಡಂ ಒಬ್ಬರೂ ಸೇರಿ ಒಂದು ಪ್ರಬಂಧ ಬರೆಯುತ್ತಿದ್ದರು. ಈರುಳ್ಳಿ ಗರಿ ಹಗ್ಗದ ಹಾಗೆ ತಿರುಚಿಕೊಳ್ಳುವ ರೋಗಕ್ಕೂ ಮಳೆಗೂ ಏನು ನಂಟು ಎಂಬುದು ಅದರ ವಿಷಯ. ಮಳೆಯ ಅಳತೆ ಅಜ್ಜಂಪುರದ ನಮ್ಮ ಹೊಲದ್ದು, ಅಳೆಯುವವಳು ನಾನು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಸುರಿದು, ಓದಿ, ಮೊಬೈಲಿನಲ್ಲಿ ತುಂಬಬೇಕು. ಪ್ರಬಂಧದಲ್ಲಿ ಮೂರನೆಯ ಹೆಸರು ನನ್ನದೇ ಇರುತ್ತದೆ ಎಂದು ತಮ್ಮ ಹೇಳಿದ್ದ. ಅದನ್ನು ನಾನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಅವರ ಬರವಣಿಗೆ, ಅಂಕಿ ಎಲ್ಲವೂ ಇಂಟರ್ನೆಟ್ಟಿನಲ್ಲಿ ಒಂದೇ ಕಡೆ ಇದ್ದವು. ಯಾರು ಏನು ತಿದ್ದಿದರೂ ಹಳೆಯದು ಕೆಳಗೆ ಉಳಿಯುತ್ತದೆ. ತಿದ್ದಿದವರ ಹೆಸರು, ಹೊತ್ತು, ಯಾಕೆ ತಿದ್ದಿದರೆಂದು ಒಂದು ಸಾಲು ಅದರ ಜೊತೆಗಿರುತ್ತದೆ.

"ಖಾತೆ ಬದಲಾವಣೆ ಇದ್ದಂಗೆ ಕಣಕ್ಕ," ಎಂದು ತಮ್ಮ ವಿವರಿಸಿದ್ದ. "ಜಮೀನು ಯಾರ ಹೆಸರಿಗೆ ಹೋದ್ರೂ ಹಿಂದೆ ಯಾರದ್ದಿತ್ತು ಅನ್ನೋದು ಅಳಿಸಲ್ಲ."

ಶ್ರಾವಣದಲ್ಲಿ ಲಿಂಗದಹಳ್ಳಿಗೆ ನಾದಿನಿ ಮಗಳ ಮದುವೆಗೆ ಹೋದೆ. ಎರಡು ದಿನಕ್ಕೆಂದು ಹೋದವಳು ಆರು ದಿನ ಉಳಿದೆ. ಬೀಗರೆಲ್ಲ ಜೀಪು ಮಾಡಿ ಹೆಬ್ಬೆ ಜಲಪಾತಕ್ಕೆ ಹೊರಟಾಗ ನಾನೇ ಮೊದಲು ಹತ್ತಿ ಕೂತಿದ್ದೆ. ತಮ್ಮನಿಗೆ ಊರಲ್ಲಿಲ್ಲ ಎಂದು ಹೇಳಲು ನಾಚಿಕೆಯಾಯಿತು. ದಿನಾ ಬೆಳಿಗ್ಗೆ ಊರಿನ ಪಕ್ಕದ ಮನೆಯವಳಿಗೆ ಫೋನು ಮಾಡುತ್ತಿದ್ದೆ.

"ಮಳೆ ಹೆಂಗಾಯ್ತೇ?"

"ಹದ ಆಯ್ತು ಕಣಕ್ಕ. ಮದ್ವೆ ಊಟ ಹೆಂಗಿತ್ತು ಹೇಳು ಮೊದ್ಲು."

ನೇಗಿಲು ಹೂಡುವಷ್ಟು ನೆಲ ನೆಂದರೆ ನಮ್ಮಲ್ಲಿ ಹದ ಆಯ್ತು ಅನ್ನುತ್ತೇವೆ. ಹಿಂದೊಮ್ಮೆ ಹದ ಮಳೆಯಾದ ಬೆಳಿಗ್ಗೆ ಲೋಟದಲ್ಲಿ ಇಪ್ಪತ್ತೆರಡು ಮಿಲಿಮೀಟರ್ ಬಂದದ್ದು ನೆನಪಿತ್ತು. ಅವಳು ಹದ ಎಂದ ಮೂರು ದಿನವೂ ಇಪ್ಪತ್ತೆರಡು ತುಂಬಿದೆ. ಮಿಕ್ಕ ಮೂರು ದಿನ ಸೊನ್ನೆ.

ಊರಿಗೆ ಮರಳಿದ ಮೇಲೆ ನೋಡಿದರೆ ಮೂರು ಇಪ್ಪತ್ತೆರಡು ಸಾಲಾಗಿ ಕಣ್ಣಿಗೆ ಹೊಡೆಯುತ್ತಿದ್ದವು. ಆ ಭಾನುವಾರ ತಮ್ಮ ನಮ್ಮ ಮನೆಗೆ ಬಂದಿದ್ದ. ಊಟ ಮಾಡಿ, ಲ್ಯಾಪ್‌ಟಾಪ್ ತೆರೆದಿಟ್ಟೇ ಮಲಗಿದ. ಪರದೆಯ ಮೇಲೆ ಅದೇ ಪುಟವಿತ್ತು. ಒಂದನ್ನು ಹತ್ತೊಂಬತ್ತು, ಇನ್ನೊಂದನ್ನು ಇಪ್ಪತ್ನಾಲ್ಕು ಮಾಡಿದೆ. ಯಾಕೆ ಎಂದು ಕೇಳಿದ ಕಡೆ "ಸರಿ ಮಾಡಿದೆ" ಎಂದು ಬರೆದೆ. ಅದು ಅವನ ಹೆಸರಿನಲ್ಲಿ ದಾಖಲಾಗುತ್ತದೆಂದು ನನಗೆ ಹೊಳೆಯಲೇ ಇಲ್ಲ.

ಕೆಲವು ದಿನ ಕಳೆದು ತಮ್ಮ ಫೋನು ಮಾಡಿದ. ಅವನ ಹೆಸರಿನಲ್ಲಿ ಅಂಕಿ ಬದಲಾದದ್ದನ್ನು ಮೇಡಂ ಕಂಡು ಕಾರಣ ಕೇಳಿದ್ದರು.

"ನೀನೇನಾದ್ರೂ ಮುಟ್ಟಿದ್ಯೇನಕ್ಕ?"

"ನಂಗೆ ನಿನ್ ಮಿಷನ್ನು ಎಲ್ಲಿ ಬತ್ತದೋ?" ಎಂದುಬಿಟ್ಟೆ.

ಅವನು ಮತ್ತೆ ಕೇಳಲಿಲ್ಲ. "ಊಟ ಆಯ್ತಾ?" ಎಂದು ವಿಚಾರಿಸಿ ಫೋನು ಇಟ್ಟ. ಚಿಕ್ಕಂದಿನಲ್ಲಿ ನಾನು ಒಡೆದ ಸ್ಲೇಟಿಗೂ ಅವನೇ ಏಟು ತಿಂದಿದ್ದ, ಆಗಲೂ ನನ್ನ ಹೆಸರು ಹೇಳಿರಲಿಲ್ಲ. ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಕಾರಣ ಗೊತ್ತಾಗದಿದ್ದರೆ ಈ ಪ್ರಬಂಧದಲ್ಲಿ ತಾವಿರುವುದಿಲ್ಲ ಎಂದು ಮೇಡಂ ಹೇಳಿದ್ದನ್ನು ಅವನ ಹೆಂಡತಿಯ ಬಾಯಲ್ಲಿ ಕೇಳಿದೆ. ಅಂಕಿ ತಿರುಚಿದವನೆಂಬ ಮಾತು ಒಮ್ಮೆ ಅಂಟಿದರೆ ಅವನ ಜೊತೆ ಇನ್ನಾರು ಬರೆಯುತ್ತಾರೆ? ಮಾರನೆಯ ಬೆಳಿಗ್ಗೆ ಮಳೆ ಅಳೆದು ತುಂಬಿದವಳೇ ಕಡೂರಿಗೆ ಹೋದೆ. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ.

ತಮ್ಮ ಒಳಗೆ ಕರೆದು ಕೂರಿಸಿದ. ಆಮೇಲೆ, "ಹದ ಅಂದ್ರೆ ಇಪ್ಪತ್ತೆರಡೇನಕ್ಕ? ನೆಂದಿರೋ ನೆಲಕ್ಕೆ ಐದು ಬಿದ್ರೂ ಹದಾನೇ ಅಲ್ವಾ?" ಎಂದ.

ಹುಟ್ಟಿದಾಗಿನಿಂದ ಹೊಲ ಮಾಡಿದವಳು ನಾನು. ಅದು ಗೊತ್ತಿಲ್ಲದ ಮಾತೇನಲ್ಲ.

"ಬೈಯೋ ನಂಗೆ," ಎಂದೆ.

"ಮೇಡಂಗೆ ನೀನೇ ಹೇಳು. ಆಮೇಲೆ ಬೈತೀನಿ," ಎಂದು ಫೋನು ಹಚ್ಚಿ ಕೊಟ್ಟ.

ಮೇಡಂ ಮಧ್ಯೆ ಬಾಯಿ ಹಾಕದೆ ಕೇಳಿದರು. ನನ್ನ ಹೆಸರು ತೆಗೆದುಬಿಡಿ, ಅವನದೇನೂ ತಪ್ಪಿಲ್ಲ ಎಂದೆ.

"ಅಳೆದಿಲ್ಲ ಅಂದ್ರೆ ಆ ಆರು ದಿನ ಖಾಲಿ ಬಿಡೋಣ ಕಣ್ರೀ. ಮಿಕ್ಕ ದಿನ ಅಳೆದೋರು ನೀವೇ ತಾನೆ?" ಎಂದರು. ಹೌದೆಂದೆ. "ಸರಿ, ನೀವೇ ಅಳಿಸಿ, ಕಾರಣ ಬರೀರಿ. ಪ್ರಬಂಧ ಮುಂದುವರಿಸ್ತೀನಿ ಅಂತ ನಿಮ್ಮ ತಮ್ಮಂಗೆ ಹೇಳಿ."

ನನ್ನ ಮೊಬೈಲಿನಲ್ಲಿ, ನನ್ನ ಹೆಸರಿನಲ್ಲಿ, ಆ ಆರೂ ದಿನದ ಅಂಕಿ ಅಳಿಸಿ ಜಾಗ ಖಾಲಿ ಬಿಟ್ಟೆ. ಕಾರಣದ ಜಾಗದಲ್ಲಿ ಬರೆದೆ: "ನಾನು ಮದುವೆಗೆ ಹೋಗಿದ್ದೆ, ಅಳೆದಿಲ್ಲ, ಅಂದಾಜಿಗೆ ತುಂಬಿದೆ. ಆಮೇಲೆ ತಮ್ಮನ ಲ್ಯಾಪ್‌ಟಾಪಿನಲ್ಲಿ ತಿದ್ದಿದವಳೂ ನಾನೇ."

"ಒಂದು ಸಾಲು ಅಂದ್ರೆ ಪುರಾಣ ಬರೆದ್ಯಲ್ಲಕ್ಕ," ಎಂದು ತಮ್ಮ ನಕ್ಕ.

ಅವನ ಹೆಸರಿನ ಆ ಹಳೆಯ "ಸರಿ ಮಾಡಿದೆ"ಯನ್ನೂ ತೆಗೆಯೋ ಎಂದು ಬೇಡಿದೆ. ಅದನ್ನು ತೆಗೆಯಬಾರದಂತೆ. ಯಾರು ನೋಡಿದರೂ ಮೇಲೆ ನನ್ನ ಸಾಲು, ಕೆಳಗೆ ಅವನ ಹೆಸರು ಕಾಣುತ್ತದೆ. ನಾನು ಈಗಲೂ ಆಗಾಗ ಆ ಪುಟ ತೆರೆದು ನೋಡುತ್ತೇನೆ.