ನೀರು ಕೇಳದ ಗಿಡಗಳು

ನಾನು ನೆಟ್ಟ ಗಿಡ ಬದುಕಿದ್ದನ್ನು ನಮ್ಮ ಬೀದಿಯಲ್ಲಿ ಕಂಡವರಿಲ್ಲ. ನನ್ನ ಕೈಗುಣವೇನಿದ್ದರೂ ಮಿಕ್ಸಿ, ಗ್ರೈಂಡರುಗಳಿಗೆ ಮಾತ್ರ. ಸಾಗರದ ಪೇಟೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ; ಸುಟ್ಟ ಮೋಟರು ತಂದುಕೊಟ್ಟರೆ ಸಂಜೆಯೊಳಗೆ ತಿರುಗಿಸಿ ಕೊಡುತ್ತೇನೆ. ಆದರೆ ಬೇಲಿಗೆ ಚುಚ್ಚಿದರೂ ಚಿಗುರುವ ದಾಸವಾಳದ ಕಡ್ಡಿ ನನ್ನ ಕೈಯಲ್ಲಿ ಒಣಗುತ್ತದೆ. ಹೆಂಡತಿ ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ನಾನು ಸಿಟ್ಟು ಮಾಡಿಕೊಂಡಷ್ಟೂ ಅವಳಿಗೆ ನಗು ಹೆಚ್ಚು.

ನಮ್ಮದು ಸಣ್ಣ ಸೈಟಿನ ಮನೆ, ಇದ್ದವರು ನಾವಿಬ್ಬರೇ. ಮಕ್ಕಳಿಲ್ಲ. ಮುಂದಿನ ಅಂಗಳಕ್ಕೆ ಬೆಳಗಿನಿಂದಲೇ ಬೆನ್ನು ಸುಡುವ ಬಿಸಿಲು. ಹಿಂದಿನ ಮನೆಯವರು ಮೂರು ಮಾಳಿಗೆ ಎಬ್ಬಿಸಿದ ಮೇಲೆ ಹಿತ್ತಲಿಗೆ ವರ್ಷವಿಡೀ ನೆರಳು, ಗೋಡೆಗೆಲ್ಲ ಪಾಚಿ. ನಾನು ಆ ಮಾಳಿಗೆಯವರನ್ನು ಬೈಯುತ್ತ ಕೂತಿದ್ದರೆ ಅವಳು ಬಿಸಿಲು ಕಡೆಗೆ ಬೇರೆ, ನೆರಳು ಕಡೆಗೆ ಬೇರೆ ಗಿಡ ತಂದು, ಒಂದೇ ಮನೆಗೆ ಎರಡು ತೋಟ ಮಾಡಿಕೊಂಡಳು.

ಬಿಸಿಲು ಕಡೆಯ ಯಜಮಾನಿಕೆ ಪೇಟೆಯವರು ಡೇಲಿಯಾ ಅನ್ನುವ ಡೇರೆ ಹೂವಿನದು. ಹೂವಿನದು ಅನ್ನುವುದಕ್ಕಿಂತ ಅದರ ಚಾಕರಿಯದು. ಮಳೆಗಾಲದ ಮೊದಲಿಗೆ ಗೆಡ್ಡೆ ಬಿಡಿಸಿ ನೆಡಬೇಕು, ಗಿಡ ಎದ್ದಂತೆ ಕೋಲು ಕಟ್ಟಬೇಕು, ಬಸವನಹುಳ ಹೆಕ್ಕಬೇಕು, ಹೂ ಮುಗಿದು ದಂಟು ಒಣಗಿದ ಮೇಲೆ ಮತ್ತೆ ಅಗೆದು ಬಕೆಟಿನ ಒಣಮರಳಲ್ಲಿ ಮುಂದಿನ ಮಳೆಯವರೆಗೆ ಹುಗಿದಿಡಬೇಕು. ಒಂದೊಂದು ಬಣ್ಣಕ್ಕೂ ಅದು ಬಂದ ಊರಿನ ಹೆಸರು. ಅವಳ ಅತ್ತಿಗೆ ಕೊಟ್ಟದ್ದು ಹೊಸನಗರದ ಬಿಳಿ, ತಂಗಿ ಕೊಟ್ಟದ್ದು ತೀರ್ಥಹಳ್ಳಿ ಕೆಂಪು. ಕೆಂಪಂತೂ ಅರಳಿದರೆ ಊಟದ ತಟ್ಟೆಯಗಲ. ರಸ್ತೆಯಲ್ಲಿ ಹೋಗುವವರು ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದರು. ನಾನೇ ನೆಟ್ಟವನಂತೆ ಗೇಟಿನ ಹತ್ತಿರ ನಿಂತು ಗತ್ತು ತೋರಿಸುತ್ತಿದ್ದೆ.

ಅವಳಿಗೆ ಕಾಯಿಲೆ ಅಂತ ಗೊತ್ತಾದದ್ದು ದೀಪಾವಳಿ ಕಳೆದ ಮೇಲೆ. ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಲಿವರಿಗೆ ಹಬ್ಬಿದೆ, ಇರುವಷ್ಟು ದಿನ ನೋವಾಗದಂತೆ ನೋಡಿಕೊಳ್ಳೋಣ ಅಂದರು. ಅಲ್ಲಿಂದ ಆ ದಾರಿ ನಮಗೆ ಬಾಯಿಪಾಠವಾಯಿತು. ಸಾಗರದಿಂದ ಹೊಸನಗರ, ಅತ್ತಿಗೆಯ ಮನೆಯಲ್ಲಿ ಗಂಜಿ; ತೀರ್ಥಹಳ್ಳಿಯಲ್ಲಿ ತಂಗಿಯ ಮನೆಯಲ್ಲಿ ವಾಸ್ತವ್ಯ; ಬೆಳಗ್ಗೆ ಆಗುಂಬೆ ಘಾಟಿ ಇಳಿಯುವುದು. ಬರುವಾಗ ಇದೇ ದಾರಿ ತಿರುವುಮುರುವು. ಪ್ರತಿ ಸಲವೂ ಬರುವಾಗ ಅವಳ ತೊಡೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಿಡದ ಕಟ್ಟು.

ಗಿಡ ಬೇಡುವುದು ಅವಳಿಗೆ ಹೊಸತಲ್ಲ. ನಮ್ಮ ಕಡೆ ಹೆಂಗಸರು ಮದುವೆಗೆ ಹೋದರೂ ಒಂದು ಕಡ್ಡಿ ಮುರಿದುಕೊಳ್ಳದೆ ಬರುವುದಿಲ್ಲ. ಆದರೆ ಈ ಸಲ ಅವಳು ಕೇಳುವ ರೀತಿ ಬೇರೆ ಇತ್ತು. ಹೂ ಎಷ್ಟು ದೊಡ್ಡದು, ಬಣ್ಣ ಯಾವುದು ಅಂತ ಕೇಳುತ್ತಿರಲಿಲ್ಲ.

"ನೀರು ಹಾಕ್ದೇ ಇದ್ರೆ ತಡಿಯುತ್ತಾ? ದನ ತಿಂದ್ರೆ ಮತ್ತೆ ಚಿಗುರುತ್ತಾ? ಪ್ರತಿ ವರ್ಷ ಕಿತ್ತು ನೆಡ್ಬೇಕಾ, ಅದರಷ್ಟಕ್ಕೇ ಇರುತ್ತಾ?"

"ಎಂತ ಮಾರಾಯ್ತಿ, ಗಂಡು ನೋಡೋಕೆ ಬಂದವ್ರ ಹಾಗೆ ವಿಚಾರಿಸ್ತೀಯಲ್ಲ" ಅಂದೆ ಒಮ್ಮೆ.

"ಗಂಡು ನೋಡುವಾಗ ವಿಚಾರ್ಸಿರ್ಲಿಲ್ಲ. ಈಗಾದ್ರೂ ವಿಚಾರಿಸ್ಬೇಡ್ವಾ?" ಅಂದಳು. ಅತ್ತಿಗೆ ಬಿದ್ದು ಬಿದ್ದು ನಕ್ಕರು.

ಹೀಗೆ ಆರಿಸಿ ತಂದದ್ದು ಬಿಸಿಲು ಕಡೆಗೆ ಕೇಪಳ, ಕಣಗಿಲೆ, ನಂದಿಬಟ್ಟಲು, ಕಲ್ಲಿನ ಸಂದಿಯಲ್ಲೂ ಹುಟ್ಟುವ ನಿತ್ಯಪುಷ್ಪ. ನೆರಳು ಕಡೆಗೆ ಜರಿಗಿಡ, ಒಂದೆಲಗ, ದೊಡ್ಡಪತ್ರೆ. ಅರೆನೆರಳಿರುವ ಮೂಲೆಗೆ ಅಬ್ಬಲಿಗೆ. ಸೊಂಟ ನೋವು ಅನ್ನುವ ನೆಪ ಹೇಳಿ ಒಂದೊಂದನ್ನೂ ನನ್ನ ಕೈಯಲ್ಲೇ ನೆಡಿಸಿದಳು. ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತು, ಇನ್ನೂ ಒಂಚೂರು ಆಳ, ಮಣ್ಣು ಒತ್ತಿ, ಇನ್ನೂ ಒತ್ತಿ ಅನ್ನುತ್ತಿದ್ದಳು. ಒಣಗಿದ್ದನ್ನು ಕೀಳಿಸಿ ಬೇರೆ ಜಾತಿ ತರಿಸುವಳು. ನನ್ನ ಕೈಯಲ್ಲಿ ಬದುಕಿದ್ದು ಮಾತ್ರ ಅವಳ ಲೆಕ್ಕದಲ್ಲಿ ಪಾಸು. ಯಾತಕ್ಕೆ ಅಂತ ನನಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾಗಿದ್ದಕ್ಕೇ ರೇಗುತ್ತಿದ್ದೆ.

ಬೇಸಿಗೆ ಶುರುವಾದಾಗ ಒಂದು ದಿನ ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಅವಳು ಮರಳಿನ ಬಕೆಟುಗಳನ್ನು ಬರಿದು ಮಾಡಿ, ಡೇರೆ ಗೆಡ್ಡೆಗಳನ್ನೆಲ್ಲ ಚೀಲಕ್ಕೆ ತುಂಬಿಸಿದ್ದಳು. ಹೊಸನಗರದ್ದು ಹೊಸನಗರಕ್ಕೆ, ತೀರ್ಥಹಳ್ಳಿಯದು ತೀರ್ಥಹಳ್ಳಿಗೆ. ನನಗೆ ಅವತ್ತು ನಿಜಕ್ಕೂ ಹೆದರಿಕೆಯಾಯಿತು. ಡಾಕ್ಟರು ಹೇಳಿದಾಗಲೂ ಹಾಗಾಗಿರಲಿಲ್ಲ. ಗದ್ದೆ ಮಾಡುವ ಮನೆಯಲ್ಲಿ ಹುಟ್ಟಿದವನು ನಾನು. ಮುಂದಿನ ಸಲ ಉಳುವವರು ಬಿತ್ತನೆ ಭತ್ತವನ್ನು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ ಅಂತ ನನಗೆ ಗೊತ್ತು. ಅವಳು ಇನ್ನೊಂದು ಮಳೆಗಾಲ ನೋಡಬೇಕು, ಗೆಡ್ಡೆ ನೆಡಬೇಕು, ನನಗೆ ಬೇಕಿದ್ದದ್ದು ಅಷ್ಟೇ.

"ಅಂಗಳದಲ್ಲಿ ಈ ಸಲ ಎಂತ ನೆಡ್ತೀಯಾ ಹಾಗಾದ್ರೆ?" ಬಸ್ಸಿನಲ್ಲೇ ಜೋರು ಮಾಡಿದೆ.

"ನೀವು ನೆಟ್ಟಿದ್ದೀರಲ್ಲ."

"ಅದು ಬೇಲಿ ಸೊಪ್ಪು! ಯಾರು ನೋಡ್ತಾರೆ ಅದನ್ನ?"

"ನೀವು ನೋಡ್ಬೇಕು ಅಂತ್ಲೂ ಇಲ್ಲ. ಅದು ಬದುಕುತ್ತೆ" ಅಂದು ಕಿಟಕಿಯ ಕಡೆ ತಿರುಗಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

ತೀರ್ಥಹಳ್ಳಿಯಲ್ಲಿ ಅವಳು ಮಲಗಿದ್ದಾಗ ಚೀಲಕ್ಕೆ ಕೈಹಾಕಿ, ಕೆಂಪಿನ ಗೆಡ್ಡೆಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ತೆಗೆದು ಪೇಪರಲ್ಲಿ ಸುತ್ತಿ ನನ್ನ ಬ್ಯಾಗಿನಲ್ಲಿಟ್ಟುಕೊಂಡೆ. ಆಮೇಲೆ ಅದು ನನ್ನ ಅಂಗಡಿಯ ಡ್ರಾಯರಿನಲ್ಲಿ ಸ್ಕ್ರೂಗಳ ಜೊತೆ ಬಿದ್ದಿತ್ತು. ಅದೊಂದು ಇರುವವರೆಗೆ ಎಲ್ಲ ಮುಗಿದಿಲ್ಲ ಅನ್ನುವ ಹುಚ್ಚು ಧೈರ್ಯ ನನಗೆ.

ಅವಳು ಹಾಸಿಗೆ ಬಿಟ್ಟು ಏಳಲಾರದಂತಾದಾಗ ಮಳೆಗೆ ಇನ್ನೂ ದಿನವಿತ್ತು. ಸೆಕೆ, ಆಕಾಶದಲ್ಲಿ ಬರೀ ಗುಡುಗು. ತಡೆಯಲಾರದೆ ಗೆಡ್ಡೆಯ ಸಂಗತಿ ಹೇಳಿಬಿಟ್ಟೆ. ಬಯ್ಯುತ್ತಾಳೆ ಅಂದುಕೊಂಡರೆ ಕಣ್ಣು ಮುಚ್ಚಿಕೊಂಡೇ ನಕ್ಕಳು.

"ಕಣ್ಣು ನೋಡಿ ತಂದ್ರಾ?"

"ಗೆಡ್ಡೆಗೆ ಎಂತ ಕಣ್ಣು?"

"ಕುತ್ತಿಗೆ ಹತ್ರ ಮೊಳಕೆ ಬರೋ ಕಣ್ಣಿರುತ್ತೆ. ಅದು ಮುರಿದು ಹೋಗಿದ್ರೆ ಗೆಡ್ಡೆ ಎಷ್ಟು ದಪ್ಪ ಇದ್ರೂ ಮಣ್ಣೊಳಗೇ ಇರುತ್ತೆ, ಮೇಲೆ ಬರಲ್ಲ. ತನ್ನಿ, ನೋಡ್ತೀನಿ."

ತಂದು ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದಳು. ತುದಿಯನ್ನು ಹೆಬ್ಬೆರಳಿನಿಂದ ನಿಧಾನ ಸವರಿದಳು, ಮತ್ತೊಮ್ಮೆ ಸವರಿದಳು. ಬಹಳ ಹೊತ್ತು ನನ್ನ ಮುಖ ನೋಡಿದಳು.

"ಇದೆ. ನೆಡಿ. ಬಿಸಿಲು ಕಡೆ, ಮೆಟ್ಟಿಲ ಪಕ್ಕ. ಮಣ್ಣು ಏರಿಸಿ ನೆಡಿ, ನೀರು ನಿಲ್ಬಾರ್ದು. ಬರೋದು ನಿಧಾನ ಆಗ್ಬಹುದು. ದಿನಾ ನೋಡ್ತಾ ಇರಿ."

ಮೊದಲ ಮಳೆ ಬೀಳುವ ಮೊದಲೇ ಅವಳು ಹೋದಳು.

ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅವಳು ಹೇಳಿದ ಜಾಗದಲ್ಲೇ ಮಣ್ಣು ಏರಿಸಿ ಗೆಡ್ಡೆ ನೆಟ್ಟೆ. ಆ ದಿನಗಳಲ್ಲಿ ನನಗೆ ಹಾಸಿಗೆಯಿಂದ ಏಳಲು ಕಾರಣವೇ ಇರಲಿಲ್ಲ. ಅಂಗಡಿಯ ಶಟರ್ ಎತ್ತಲು ಮನಸ್ಸಿರಲಿಲ್ಲ. ಆದರೂ ಬೆಳಗಾದರೆ ಕೊಡೆ ಹಿಡಿದು ಮೆಟ್ಟಿಲ ಪಕ್ಕ ಹೋಗಿ ಬಗ್ಗಿ ನೋಡುತ್ತಿದ್ದೆ. ಇವತ್ತು ಬಾರದಿದ್ದರೆ ನಾಳೆ. ಎದ್ದ ಮೇಲೆ ಚಾ ಕಾಸುವುದು, ಚಾ ಕುಡಿದ ಮೇಲೆ ಅಂಗಡಿಗೆ ಹೋಗುವುದು. ಹಾಗೇ ಮಳೆಗಾಲ ಅರ್ಧ ಕಳೆಯಿತು. ಸುತ್ತ ಕೇಪಳ ಚಿಗುರಿತು, ನಿತ್ಯಪುಷ್ಪ ಹೂ ಬಿಟ್ಟಿತು, ಹಿತ್ತಲಲ್ಲಿ ಒಂದೆಲಗ ಕಾಲಿಡಲು ಬಿಡದಂತೆ ಹಬ್ಬಿತು. ಯಾವುದನ್ನೂ ನಾನು ಕೇಳಿರಲಿಲ್ಲ, ಅವೂ ನನ್ನನ್ನು ಏನೂ ಕೇಳಲಿಲ್ಲ. ಏರಿಸಿದ ಮಣ್ಣು ಮಾತ್ರ ಹಾಗೇ ಇತ್ತು.

ಶ್ರಾವಣದಲ್ಲಿ ಅವಳ ತಂಗಿ ತೀರ್ಥಹಳ್ಳಿಯಿಂದ ಬಂದಳು. ಅಕ್ಕನ ಫೋಟೋಕ್ಕೆ ಅಂತ ಬಾಳೆಲೆಯಲ್ಲಿ ಸುತ್ತಿ ಕೆಂಪು ಡೇರೆ ತಂದಿದ್ದಳು. ಅಷ್ಟಗಲದ ಹೂ ನಮ್ಮ ಅಂಗಳದಲ್ಲಿ ಇರಬೇಕಿತ್ತು, ಅದನ್ನು ನೆಟ್ಟವಳೂ ಇರಬೇಕಿತ್ತು. ಗೆಡ್ಡೆ ಕದ್ದು ನೆಟ್ಟದ್ದು, ಅದಿನ್ನೂ ಮೇಲೆ ಬಾರದ್ದು, ಅಷ್ಟು ಹೇಳಿದೆ. ತಂಗಿ ಸೆರಗು ಸಿಕ್ಕಿಸಿ ಮಣ್ಣು ಕೆದಕಿದಳು. ಗೆಡ್ಡೆ ಕೊಳೆತಿರಲಿಲ್ಲ. ಗುಂಡಗೆ, ಗಟ್ಟಿಯಾಗಿ, ನಾಲ್ಕು ಬಿಳಿ ಬೇರನ್ನೂ ಬಿಟ್ಟುಕೊಂಡಿತ್ತು. ಅವಳು ತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು, ಅಷ್ಟೇ.

"ಇದಕ್ಕೆ ಕಣ್ಣೇ ಇಲ್ಲ ಭಾವ. ಕುತ್ತಿಗೆ ಮುರಿದೇ ಹೋಗಿದೆ, ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತೆ. ಅಕ್ಕಂಗೆ ತೋರಿಸ್ಲಿಲ್ವಾ?"

ಅವತ್ತು ಹಾಸಿಗೆಯಲ್ಲಿ ನನ್ನವಳು ಅದನ್ನು ಬೆಳಕಿಗೆ ಹಿಡಿದದ್ದು, ಎರಡೆರಡು ಸಲ ಸವರಿದ್ದು, ಆಮೇಲೆ ನನ್ನ ಮುಖ ನೋಡಿದ್ದು ಕಣ್ಣಿಗೆ ಕಟ್ಟಿತು. ದಿನಾ ನೋಡ್ತಾ ಇರಿ ಅಂದದ್ದು ಕೇಳಿಸಿತು.

"ಇಲ್ಲ" ಅಂದೆ. "ಅವಳಿಗೆ ತೋರಿಸಿರ್ಲಿಲ್ಲ."

"ತೋರಿಸಿದ್ರೆ ಹೇಳ್ತಿದ್ಲು. ಬಿಸಾಡಿ, ಬರೋ ವರ್ಷ ನಾನು ಬೇರೆ ಕೊಡ್ತೀನಿ" ಅಂದು ಕೈ ತೊಳೆಯಲು ಒಳಗೆ ಹೋದಳು.

ನಾನು ಗೆಡ್ಡೆಯನ್ನು ಅದೇ ಕುಳಿಯಲ್ಲಿಟ್ಟು ಮಣ್ಣು ಎಳೆದೆ. ಒತ್ತಿದೆ. ಇನ್ನೂ ಸ್ವಲ್ಪ ಒತ್ತಿದೆ.